ಹಿರೇಮದ್ದಿನ ಪಥ್ಯ

ಇಳಕಲ್ಲಿನ ನೇಕಾರ ಅಮರಪ್ಪನ ಮಗಳು ಶ್ರುತಿ ಬಾಗಲಕೋಟೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ ಓಣಿಯವರೆಲ್ಲ ಅವಳನ್ನು ಡಾಕ್ಟರ್ ಎಂದೇ ತಿಳಿದರು. ಅಲ್ಲವೆಂದು ಹೇಳಿ ಹೇಳಿ ಸಾಕಾಗಿ ಅವಳು ಸುಮ್ಮನಾದಳು. ಹಾಗೆ ಸುಮ್ಮನಾದದ್ದಕ್ಕೆ ಆಮೇಲೆ ಬಹಳ ಮರುಗಿದಳು.

ಮಿದುಳಿನ ಗಡ್ಡೆಯ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಗಿಡಗಳ ಸಾರ ಹಾಕಿ ನೋಡುವುದು ಅವಳ ಕೆಲಸ. ಈ ಗಡ್ಡೆ ಇದ್ದಲ್ಲಿ ಇರುವಂಥದ್ದಲ್ಲ. ಬಣ್ಣ ಬಿಟ್ಟ ಸೀರೆಯಂತೆ ಪಕ್ಕದ ಒಳ್ಳೆಯ ಭಾಗಕ್ಕೂ ಇಳಿಯುತ್ತದೆ. ಅದನ್ನು ಯಾವ ಗಿಡ ತಡೆದೀತು ಎಂಬುದೇ ಹುಡುಕಾಟ. ದೇವರಿಗೆ ಕಣ್ಣಿಲ್ಲ ನೋಡಿ, ಎರಡನೇ ವರ್ಷ ಅಪ್ಪನ ತಲೆಯಲ್ಲೇ ಅದು ಕಾಣಿಸಿಕೊಂಡಿತು. ಲಾಳಿ ಎಸೆಯುವ ಬಲಗೈ ಸೋತಿತು, ಮೂರ್ಛೆ ಬಂತು. ಆಪರೇಷನ್ ಆದ ಮೇಲೆ ಡಾಕ್ಟರು ಮೂರ್ಛೆಯ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ಹೇಳಿ ಕಳಿಸಿದರು.

ಒಂದು ಸಂಜೆ ಶ್ರುತಿ ಖುಷಿ ತಡೆಯಲಾಗದೆ ಅವ್ವ ಯಮನವ್ವನಿಗೆ ಫೋನ್ ಮಾಡಿದಳು. “ಅವ್ವಾ, ಹಿರೇಮದ್ದಿನ ಎಲಿ ರಸಾ ಹಾಕಿದ್ವಿ, ಗಡ್ಡಿ ಜೀವಕೋಶ ಇದ್ದಲ್ಲೇ ನಿಂತಾವ! ತಟ್ಟ್ಯಾಗ ಅಷ್ಟ ಮತ್ತ. ಮನಶ್ಯಾರಿಗೆ ಕೊಡಾಕ ಇನ್ನೂ ಭಾಳ ವರ್ಷ ಬೇಕು.”

ಓಣಿಯವರಂತೆ ಮಗಳನ್ನು ಡಾಕ್ಟರೆಂದೇ ನಂಬಿದ್ದ ಯಮನವ್ವನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಹಿರೇಮದ್ದು, ಅಂದರೆ ಅಶ್ವಗಂಧ, ಊರ ಹೊರಗಿನ ಬೇಲಿಯಲ್ಲಿ ಬೇಕಾದಷ್ಟಿತ್ತು. ಮರುದಿನವೇ ಕಷಾಯ ಶುರುವಾಯಿತು. ನಾಟಿ ಔಷಧಕ್ಕೆ ಅವಳ ತವರು ಶಿರೂರಿನ ಕಡೆ ಎರಡು ಕಟ್ಟಳೆ: ಕುಡಿಸುವಷ್ಟು ದಿನ ಬೇರೆ ಗುಳಿಗೆ ಮುಟ್ಟಿಸಬಾರದು; ಯಾರ ಮುಂದೆಯೂ ಬಾಯಿ ಬಿಡಬಾರದು, ಬಿಟ್ಟರೆ ಮದ್ದಿನ ಗುಣ ಹೋಗುತ್ತದೆ. ಗಂಡನನ್ನು ಉಳಿಸಿಕೊಳ್ಳಬೇಕಿತ್ತು, ಪಾಪ, ಎರಡಕ್ಕೂ ನಿಷ್ಠೆಯಿಂದ ಕಟ್ಟುಬಿದ್ದಳು. “ಗುಳಿಗಿ ಕೊಟ್ಟಿಯೇನವ್ವಾ?” ಎಂದು ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ “ಹೂನವಾ” ಎಂದಳು.

ಒಂಬತ್ತನೇ ದಿನ ಅಮರಪ್ಪನಿಗೆ ಬಂದ ಮೂರ್ಛೆ ನಿಲ್ಲಲೇ ಇಲ್ಲ. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತು.

ಮೂರು ದಿನ ಕಳೆದ ಮೇಲೆ ಶ್ರುತಿ ಅಪ್ಪನ ಮಗ್ಗದ ಬಳಿ ಕೂತು ಸುಮ್ಮನೆ ನೂಲಿನ ಬುಟ್ಟಿಗೆ ಕೈಹಾಕಿದಳು. ತಳದಲ್ಲಿ ಗುಳಿಗೆಗಳು ಸಿಕ್ಕವು, ಒಂಬತ್ತು ದಿನದವು. ಅವ್ವ ಗುಳಿಗೆ ಕೊಟ್ಟೇ ಇರಲಿಲ್ಲ, ಮೂರ್ಛೆ ನಿಲ್ಲದ್ದು ಅದಕ್ಕೇ ಎಂದು ಅವಳಿಗೆ ತಿಳಿಯಿತು. ಕೇಳಿಯೇ ಬಿಡುತ್ತೇನೆಂದು ಅಡುಗೆಮನೆಗೆ ನುಗ್ಗಿದಳು.

ಯಮನವ್ವ ಗೋಡೆಗೆ ಒರಗಿ ಅಳುತ್ತಿದ್ದಳು. “ನಿಮ್ಮಪ್ಪನ್ನ ನಾನ ಕೊಂದೆ, ಶ್ರುತಿ. ಹಿರೇಮದ್ದು ಕುಡಸಾಕತ್ತಿದ್ದೆ. ತಡೀಲಾರದ ಎಂಟನೇ ದಿನ ಬಾಜೂಮನಿ ಮುಬಶೀರಾನ ಮುಂದ ಹೇಳಿಬಿಟ್ಟೆ. ನಾ ಬಾಯಿ ಬಿಡದಿದ್ರ ಅವರು ಉಳೀತಿದ್ರು.”

ಶ್ರುತಿ ಗುಳಿಗೆಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ನೀ ಅಲ್ಲವ್ವಾ,” ಎಂದಳು. “ಮೊದಲ ಬಾಯಿ ಬಿಟ್ಟಾಕಿ ನಾ.”

ಅವ್ವನ ಪಕ್ಕ ಕೂತು ಅವಳೂ ಅತ್ತಳು. ಆ ಗುಳಿಗೆಗಳ ಮಾತನ್ನು ಮುಂದೆ ಎಂದೂ ಎತ್ತಲಿಲ್ಲ.