ಹದಿನೈದು ದಿನಕ್ಕೊಮ್ಮೆ ಉಜ್ಜಿದ ಕಾರು

ಅಣ್ಣ ರುವೈಸಿನ ರಿಫೈನರಿಯಲ್ಲಿ ಟೆಕ್ನಿಷಿಯನ್. ನಾನು ಅಬುಧಾಬಿಯ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದೇನೆ. ಓದಿದ್ದು ಏಳನೇ ಕ್ಲಾಸಿನವರೆಗೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡವನೂ ಅವನೇ, ಬನಿಯಾಸಿನಲ್ಲಿ ಒಂದು ಹಳೆಯ ವಿಲ್ಲಾದ ಹಿಂದಿನ ಕೋಣೆ ಹುಡುಕಿಕೊಟ್ಟವನೂ ಅವನೇ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಕಾರಿನಲ್ಲಿ ನನ್ನ ಕೋಣೆಗೆ ಬರುತ್ತಿದ್ದ. ವಾರವಿಡೀ ಶಿಫ್ಟ್ ಮಾಡಿ ಬಂದವನು ಭಾನುವಾರ ಹತ್ತು ಗಂಟೆಯವರೆಗೆ ಮಲಗುತ್ತಿದ್ದ.

ಕಾರು ಸೆಕೆಂಡ್ ಹ್ಯಾಂಡ್, ಕಡು ನೀಲಿ. ಅಣ್ಣನಿಗೆ ಅದರ ಮೇಲೆ ಪ್ರಾಣ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು ಎಂದು ಮೊದಲ ತಿಂಗಳೇ ಹೇಳಿಬಿಟ್ಟ. ವಿಲ್ಲಾದ ಅಂಗಳದಲ್ಲಿ ತಗಡಿನ ಮಾಡು ಇತ್ತು. ಅದರ ನೆರಳಿನಲ್ಲಿ ನಿಲ್ಲಿಸಿ, ಒಂದು ಭಾನುವಾರ ಎಲ್ಲವನ್ನೂ ಮಾಡಿ ತೋರಿಸಿದ.

"ಧೂಳನ್ನು ಒಣ ಬಟ್ಟೆಯಲ್ಲಿ ಒರೆಸ್ಲಿಕ್ಕೇ ಇಲ್ಲ. ಮರಳು ಅದು, ಗೀರು ಬೀಳ್ತದೆ. ಮೊದಲು ನೀರು, ಮತ್ತೆ ಶಾಂಪೂ. ಬಾನೆಟ್ ಮುಟ್ಟಿ ನೋಡು, ತಣ್ಣಗೆ ಉಂಟಾ? ಹಾಗಿದ್ರೆ ಮಾತ್ರ ವ್ಯಾಕ್ಸ್."

"ವ್ಯಾಕ್ಸ್ ಎಷ್ಟು ಸಲ ಹಾಕುವುದು?" ಎಂದೆ.

"ಎರಡು ತಿಂಗಳಿಗೊಮ್ಮೆ ಸಾಕು. ಚಳಿಗಾಲದಲ್ಲಿ ಮೂರು ತಿಂಗಳಾದ್ರೂ ಅಡ್ಡಿಯಿಲ್ಲ. ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ದಿನಾ ಹಚ್ಬೇಡ ಮಾರಾಯ."

ಅದೇ ದಿನಗಳಲ್ಲಿ ಅವನು ನನ್ನನ್ನು ಒಂದು ಇಂಗ್ಲಿಷ್ ಕ್ಲಾಸಿಗೂ ಸೇರಿಸಿದ. ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತು, ನಮ್ಮ ಬೀದಿಯ ಕೊನೆಯಲ್ಲಿ. ಓದಲು ಬಂದರೆ ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆಗಬಹುದು ಎಂದು ಅವನ ಆಸೆ. ಮೂರು ವಾರ ಹೋದೆ. ನಾಲ್ಕನೆಯ ವಾರ ಎದ್ದು ನಿಂತು ಗಟ್ಟಿಯಾಗಿ ಓದಲು ಹೇಳಿದರು. ನಲವತ್ತು ದಾಟಿದ ನಾನು ಒಂದು ಸಾಲಿನ ನಡುವೆ ಸಿಕ್ಕಿಕೊಂಡು ನಿಂತೆ. ಯಾರೂ ನಗಲಿಲ್ಲ. ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದರು. ಅದೇ ತಡೆಯಲಾಗಲಿಲ್ಲ. ಮತ್ತೆ ಆ ಕಡೆ ಹೋಗಲಿಲ್ಲ.

ಅಣ್ಣನಿಗೆ ಹೇಳಲಿಲ್ಲ. ಅವನು ಬಂದ ಭಾನುವಾರಗಳಲ್ಲಿ ಐದಕ್ಕೇ ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ಕಾರು ತೊಳೆಯುತ್ತಿದ್ದೆ. ತೊಳೆದ ಮೇಲೂ ಒಂಬತ್ತಾಗಲು ಎಷ್ಟೋ ಹೊತ್ತು ಉಳಿಯುತ್ತಿತ್ತು. ಕ್ಲಾಸಿಗೆ ಹೋಗದ ಆ ಎರಡು ಗಂಟೆ ಕೈ ಸುಮ್ಮನಿದ್ದರೆ ಮನಸ್ಸು ಚುಚ್ಚುತ್ತಿತ್ತು. ಹಾಗಾಗಿ ವ್ಯಾಕ್ಸ್ ಹಚ್ಚಿ ಉಜ್ಜುತ್ತಿದ್ದೆ. ಎರಡು ತಿಂಗಳಿಗೊಮ್ಮೆ ಹಾಕಬೇಕಾದದ್ದು ಹದಿನೈದು ದಿನಕ್ಕೊಮ್ಮೆ ಆಯಿತು. ಡಬ್ಬಿ ಬೇಗ ಮುಗಿಯಿತು. ಅಂಗಡಿಗೆ ಹೋಗಿ ಅದೇ ಬಣ್ಣದ ಮುಚ್ಚಳ, ಅದೇ ಕಾರಿನ ಚಿತ್ರ ಇರುವ ಡಬ್ಬಿ ನೋಡಿ ತಂದೆ. ಅಂಗಡಿಯವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಮೇಲೆ ಬರೆದಿದೆಯಲ್ಲ ಎನ್ನುತ್ತಿದ್ದ.

ಹೊಸ ಡಬ್ಬಿಯದ್ದು ಹಳೆಯದಕ್ಕಿಂತ ಚೆನ್ನಾಗಿದೆ ಅನಿಸಿತು. ಹಚ್ಚಿದರೆ ಅದೂ ಬಿಳಿಯಾಗಿ ಒಣಗುತ್ತಿತ್ತು, ಒರೆಸಿದರೆ ಸಣ್ಣ ಗೀರುಗಳೂ ಮಾಯವಾಗಿರುತ್ತಿದ್ದವು. ಲಾಂಡ್ರಿಯವನಲ್ಲವೇ, ಮೊದಲ ದಿನವೇ ಒರೆಸಿದ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೆ. ನೀಲಿ ಹತ್ತಿರಲಿಲ್ಲ. ಬಣ್ಣ ಬಿಡುವುದಿಲ್ಲ ಎಂದ ಮೇಲೆ ಭಯವೇನು ಎಂದುಕೊಂಡೆ.

ಅಣ್ಣ ಎದ್ದು ಬಂದಾಗ ಕಾರು ಕನ್ನಡಿಯಂತೆ ಇರುತ್ತಿತ್ತು. ನಾನು ಕ್ಲಾಸಿನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಚಾ ಮಾಡುತ್ತಿರುತ್ತಿದ್ದೆ.

"ಇವತ್ತು ಎಂತ ಕಲಿಸಿದ್ರು?"

"ಕಾಗದ ಬರಿಲಿಕ್ಕೆ."

"ಭಾರೀ ಆಯ್ತಲ್ಲ. ಬಾಸಿಗೆ ಒಂದು ಬರಿ, ಲೀವ್ ಸಿಗ್ತದಾ ನೋಡುವ."

ಇಬ್ಬರೂ ನಗುತ್ತಿದ್ದೆವು. ಸುಮಾರು ಎರಡು ವರ್ಷ ಹೀಗೆ ನಡೆಯಿತು.

ಆಮೇಲೆ ಬಾನೆಟ್ಟಿನ ಮೇಲೆ ಒಂದು ಮಬ್ಬು ಕಲೆ ಎದ್ದಿತು. ಹಾಲು ಚೆಲ್ಲಿ ಒಣಗಿದ ಹಾಗೆ. ಎಷ್ಟು ಉಜ್ಜಿದರೂ ಹೋಗಲಿಲ್ಲ, ದೊಡ್ಡದಾಯಿತು. ಅಣ್ಣ ಮುಸಫ್ಫಾದ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದ. ಅವನು ಹೊರಗೆ ಫೋನಿನಲ್ಲಿದ್ದಾಗ ಪೇಂಟರ್ ಬಾನೆಟ್ಟಿನ ಮೇಲೆ ಬೆರಳಾಡಿಸಿದ. ಮಲಬಾರಿನ ಕಡೆಯ ಹಿರಿಯ. ಹಿಂದಿಯಲ್ಲಿ ಕೇಳಿದ, ಏನು ಹಚ್ಚುತ್ತೀರಿ ಎಂದು. ನಾನು ಡಿಕ್ಕಿಯಿಂದ ಡಬ್ಬಿ ತೆಗೆದು ತೋರಿಸಿದೆ.

"ಇದು ವ್ಯಾಕ್ಸ್ ಅಲ್ಲ ಭಾಯ್, ಪಾಲಿಶ್. ಇದರಲ್ಲಿ ಸಣ್ಣ ಪುಡಿ ಇರುತ್ತದೆ, ತರಿಯುತ್ತದೆ. ವರ್ಷಕ್ಕೆ ಒಂದು ಸಲವೇ ಹೆಚ್ಚು. ನೀವು ಎಷ್ಟು ಸಲ?"

"ಹದಿನೈದು ದಿನಕ್ಕೆ."

ಅವನು ನಕ್ಕುಬಿಟ್ಟ. "ಹಿಮ್ಮಡಿ ಉಜ್ಜುವ ಕಲ್ಲಿನಲ್ಲಿ ಮುಖ ಉಜ್ಜಿದ್ದೀರಿ!" ಬಣ್ಣದ ಮೇಲೆ ಗಾಜಿನಂತೆ ತೆಳುವಾದ ಪದರ ಇರುತ್ತದೆ, ಅದಕ್ಕೆ ಬಣ್ಣವೇ ಇಲ್ಲ, ಅದನ್ನು ಉಜ್ಜಿ ಉಜ್ಜಿ ಸವೆಸಿದ್ದೀರಿ, ಉಳಿದದ್ದನ್ನು ಬಿಸಿಲು ತಿಂದಿದೆ ಎಂದು ವಿವರಿಸಿದ. ನನ್ನ ಬಟ್ಟೆಗೆ ನೀಲಿ ಯಾಕೆ ಹತ್ತಲಿಲ್ಲ ಎಂದು ಆಗ ತಿಳಿಯಿತು.

ಅಣ್ಣ ಒಳಗೆ ಬಂದ. ಪೇಂಟರ್ ಅಷ್ಟರಲ್ಲಿ ಬೇರೆ ಗಾಡಿಯ ಕಡೆ ಹೋಗಿದ್ದ.

"ಎಂತ ಅಂತೆ?"

ಹೇಳಬಹುದಿತ್ತು. ಹೇಳಿದರೆ, ಡಬ್ಬಿಯ ಮೇಲೆ ಬರೆದಿತ್ತಲ್ಲ, ಎರಡು ವರ್ಷ ಕ್ಲಾಸಿಗೆ ಹೋದವನಿಗೆ ಅಷ್ಟು ಓದಲು ಬರಲಿಲ್ಲವಾ ಎಂದು ಕೇಳುತ್ತಾನೆ. ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದೆ.

"ಬಿಸಿಲಿಗಂತೆ," ಎಂದೆ.

ಅಣ್ಣ ತಲೆಯಾಡಿಸಿದ. "ನಂದೇ ತಪ್ಪು. ರುವೈಸಲ್ಲಿ ಇಡೀ ದಿನ ಬಯಲಲ್ಲಿ ನಿಲ್ಲಿಸ್ತೇನೆ. ಸಮುದ್ರದ ಉಪ್ಪು ಗಾಳಿ ಬೇರೆ. ನೀನು ಇಷ್ಟು ಕಷ್ಟಪಟ್ಟದ್ದೆಲ್ಲ ನಾನು ಹಾಳು ಮಾಡಿದೆ."

ಉಳಿದ ಬಣ್ಣವಾದರೂ ಉಳಿಯಲಿ ಎಂದು ಅವನು ಕಾರನ್ನು ನನ್ನ ಅಂಗಳದ ನೆರಳಿನಲ್ಲೇ ಬಿಟ್ಟ. ರುವೈಸಿಗೆ ಬಸ್ಸಿನಲ್ಲಿ ಹೋಗಿ ಬರತೊಡಗಿದ. ಜೂನ್, ಜುಲೈ. ಎರಡು ಬಸ್ ಬದಲಿಸಿ, ಸ್ಟಾಪಿನಿಂದ ನಡೆದು ಬರುವಾಗ ತಲೆಯ ಮೇಲೆ ಒದ್ದೆ ಕರ್ಚೀಫು ಹಾಕಿಕೊಂಡಿರುತ್ತಿದ್ದ. ಅವನ ಶರ್ಟುಗಳನ್ನು ಒಗೆಯುವವನು ನಾನು. ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆಗಳು, ಒಂದರ ಮೇಲೊಂದು. ದಿನಕ್ಕೆ ನೂರಾರು ಜನರ ಬಟ್ಟೆ ನೋಡುವ ನನಗೆ ಅಂಥ ಶರ್ಟು ಹೊಸದಲ್ಲ. ಆದರೆ ಆ ಗೆರೆಗಳನ್ನು ಹಾಕಿದವನು ನಾನು.

ಆಗಸ್ಟಿನ ಒಂದು ಭಾನುವಾರ ಅವನು ಚಾ ಕುಡಿಯುತ್ತಿದ್ದಾಗ ಡಬ್ಬಿಯನ್ನು ತಂದು ಅವನ ಮುಂದೆ ಇಟ್ಟೆ. ಮೊದಲು ಡಬ್ಬಿಯದ್ದು ಹೇಳಿದೆ, ಆಮೇಲೆ ಪೇಂಟರ್ ಹೇಳಿದ್ದು, ಕೊನೆಗೆ ಕ್ಲಾಸಿನದ್ದು.

"ಎಷ್ಟು ವಾರ ಹೋದದ್ದು?"

"ಮೂರು. ನಾಲ್ಕನೆಯದರಲ್ಲಿ ಅರ್ಧ."

ಅಣ್ಣ ಡಬ್ಬಿಯನ್ನು ಕೈಗೆತ್ತಿಕೊಂಡು ಮೇಲೆ ಬರೆದದ್ದನ್ನು ಓದಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಬಣ್ಣ ಹೋಗ್ಲಿ ಮಾರಾಯ," ಎಂದ. "ಆ ಗ್ಯಾರೇಜಿನಲ್ಲಿ ನಂದೇ ತಪ್ಪು ಅಂತ ನಾನು ಹೇಳುವಾಗ ನೀನು ಬಾಯಿ ಮುಚ್ಚಿ ನಿಂತಿದ್ದೆಯಲ್ಲ."

 

ಅಂದು ಸಂಜೆ ಅವನು ಕೀಲಿ ತೆಗೆದುಕೊಂಡು ಕಾರಿನಲ್ಲೇ ರುವೈಸಿಗೆ ಹೋದ. ತಲುಪಿದೆ ಎಂದು ಫೋನ್ ಮಾಡಿದ, ಅಷ್ಟೇ. ಅಲ್ಲಿಂದೀಚೆಗೆ ವ್ಯಾಕ್ಸನ್ನು ಅವನೇ ಹಾಕುತ್ತಾನೆ, ಎರಡು ತಿಂಗಳಿಗೊಮ್ಮೆ. ನಾನು ಬಕೆಟಿನಲ್ಲಿ ನೀರು ತಂದು ಕೊಡುತ್ತೇನೆ. ಕ್ಲಾಸಿನ ಸುದ್ದಿ ಅವನೂ ಎತ್ತುವುದಿಲ್ಲ, ನಾನೂ ಎತ್ತಿಲ್ಲ.

ಕಳೆದ ಸಲ ಒಂದು ಬದಿ ಮುಗಿಸುವಷ್ಟರಲ್ಲಿ ಅವನಿಗೆ ಸೊಂಟ ಹಿಡಿಯಿತು. ಬಟ್ಟೆಯನ್ನು ನನ್ನ ಕಡೆ ಚಾಚಿದ.

"ಆ ಕಡೆಯ ಬಾಗಿಲು ನೀನು ಮಾಡು."

ಮಾಡಿದೆ. ಅವನು ಗೋಡೆಗೆ ಒರಗಿ ನಿಂತು, ನಾನು ಮುಗಿಸುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದ. ಮೊದಲಾಗಿದ್ದರೆ ಒಳಗೆ ಹೋಗಿ ಮಲಗುತ್ತಿದ್ದ.