ಕೊಸರಿಗೆ ಅಂಕವಿಲ್ಲ

ಒಟ್ಟು ಖರ್ಚು ಎಂಬತ್ತೈದು ಸಾವಿರದ ಮೇಲಾಯಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಎಂಬ ಒಂದು ಹಾಳೆಗೆ ಇಷ್ಟು ಕೊಟ್ಟೆ ಎಂದಾಗ ನಮ್ಮ ಅತ್ತೆ, "ಎರಡು ಸೀಮೆ ಅಸ ಬತ್ತಿದ್ವು ಕನವ್ವ. ಅವಾದ್ರೆ ಕರಾನಾದ್ರೂ ಆಕ್ತಿದ್ವು" ಎಂದರು. ಪರೀಕ್ಷೆಯ ಶುಲ್ಕ ಒಂದು, ಮೈಸೂರಿನ ತರಬೇತಿಯದು ಇನ್ನೊಂದು, ನಪಾಸಾಗಿ ಮತ್ತೆ ಕಟ್ಟಿದ್ದು ಮೂರನೆಯದು. ಆ ಮೂರನೆಯದನ್ನು ಉಳಿಸಬಹುದಿತ್ತು.

ಪರೀಕ್ಷೆಗೆ ಕಟ್ಟಿದ್ದು ಯಾಕೆ ಅಂದರೆ, ನನ್ನ ಮೇಲೆ ಇನ್ನೊಬ್ಬರು ಬಂದು ಕೂರುವುದು ಬೇಡವಾಗಿತ್ತು. ನಾನು ಸಂತೆಬಾಚಹಳ್ಳಿ ಕಡೆಯ ಮರಗೆಲಸದವರ ಮನೆಯವಳು. ಸಿವಿಲ್ ಡಿಪ್ಲೊಮಾ ಮಾಡಿ ಮೈಸೂರಿನ ಒಬ್ಬ ಕಂಟ್ರಾಕ್ಟರ್ ಬಳಿ ಸೇರಿದೆ. ಹಳ್ಳಿ ಡೈರಿಗಳಲ್ಲಿ ಹಾಲು ತಣ್ಣಗಿಡುವ ಯಂತ್ರಕ್ಕೆ ಕೊಠಡಿ ಕಟ್ಟಿಕೊಡುವುದು ನಮ್ಮ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲವನ್ನೂ ಸ್ಕೂಟರಿನಲ್ಲಿ ಸುತ್ತಿ ವರ್ಷಾನುಗಟ್ಟಲೆ ನಡೆಸಿದವಳು ನಾನೇ. ಗುರುತಿನ ಕಾರ್ಡಿನಲ್ಲಿ ಮಾತ್ರ ಬರೀ ಸೂಪರ್‌ವೈಸರ್. ನಾಲ್ಕೂ ತಾಲ್ಲೂಕಿಗೆ ಸೇರಿಸಿ ಒಂದು ದೊಡ್ಡ ಟೆಂಡರ್ ಬರುತ್ತದೆ, ಮ್ಯಾನೇಜರ್ ಆದವರಿಗೆ ಈ ಸರ್ಟಿಫಿಕೇಟ್ ಇರಲೇಬೇಕಂತೆ ಎಂದು ಗೊತ್ತಾದಾಗ ಮಾಲೀಕರು ನನ್ನನ್ನು ಕರೆಸಿದರು.

"ಪಾಸಾದ್ರೆ ನೀವೇ ಮ್ಯಾನೇಜರ್ ಮೇಡಂ. ಇಲ್ದಿದ್ರೆ ಬೆಂಗಳೂರಿಂದ ಒಬ್ಬರನ್ನ ಕರೆಸ್ತೀನಿ. ಅವರಿಗೆ ಊರು ತೋರಿಸ್ಕೊಂಡು ಓಡಾಡಿ."

ಊರು ತೋರಿಸುವ ಕೆಲಸ ನನಗೆ ಬೇಕಿರಲಿಲ್ಲ.

ತರಬೇತಿಯವರ ಹತ್ತಿರ ಚೌಕಾಸಿ ಮಾಡಿದೆ. ಜೊತೆಗೆ ಇನ್ನಿಬ್ಬರನ್ನು ಸೇರಿಸುತ್ತೇನೆ ಎಂದು ಹೇಳಿ, ಸೇರಿಸಿಯೂ ಕೊಟ್ಟು, ಮೂರರಲ್ಲೊಂದು ಪಾಲು ಇಳಿಸಿಕೊಂಡೆ. ಪರೀಕ್ಷೆಯ ಶುಲ್ಕದ್ದು ಹಾಗಲ್ಲ. ಅಲ್ಲಿ ಮಾತಾಡಿಸಲು ಮನುಷ್ಯರೇ ಇಲ್ಲ, ಪರದೆ ಕೇಳಿದಷ್ಟು ಕೊಡಬೇಕು. ಇಂಗ್ಲಿಷಿನ ಪ್ರಶ್ನೆಗಳು, ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ನಪಾಸಾದೆ.

ಯಾಕೆ ಹಾಗಾಯಿತೆಂದು ನನಗೆ ಹೊಳೆಯಲಿಲ್ಲ. ತರಬೇತಿಯ ಮೇಷ್ಟ್ರು ಮಾದರಿ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ನನ್ನಿಂದ ಉತ್ತರ ಹೇಳಿಸಿದರು. ಒಪ್ಪಂದದಲ್ಲಿ ಇಲ್ಲದ್ದನ್ನು ನಿಮ್ಮ ಕೆಲಸಗಾರರು ಗಿರಾಕಿಗೆ ಪುಕ್ಕಟೆ ಮಾಡಿಕೊಟ್ಟಿದ್ದಾರೆ, ಗಿರಾಕಿಗೆ ಖುಷಿಯಾಗಿದೆ, ಇದು ಸರಿಯೋ ತಪ್ಪೋ? ನಾನು ಸರಿ ಅಂದೆ. ಪುಸ್ತಕದಲ್ಲಿ ಅದು ತಪ್ಪು. ಅಂಥವೇ ನಾಲ್ಕೈದು ಪ್ರಶ್ನೆ ಕೇಳಿದರು, ಎಲ್ಲದರಲ್ಲೂ ನಾನು ಏನಾದರೊಂದು ಕೊಟ್ಟು ಸಮಾಧಾನ ಮಾಡುವ ಉತ್ತರವನ್ನೇ ಹಿಡಿದಿದ್ದೆ.

"ನೀವು ಪರೀಕ್ಷೆ ಬರೆದಿಲ್ಲ ಮೇಡಂ, ಸಂತೆ ಮಾಡಿದೀರ" ಎಂದರು ಮೇಷ್ಟ್ರು.

ನಿಜವೇ. ನಾನು ಬೆಳೆದದ್ದು ಸಂತೆಯಲ್ಲಿ. ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದವನ ಹತ್ತಿರ ನಮ್ಮಲ್ಲಿ ಯಾರೂ ಎರಡನೇ ಸಲ ಹೋಗುವುದಿಲ್ಲ. ನಮ್ಮ ಅಪ್ಪ ಬಾಗಿಲು ಮಾಡಿಕೊಟ್ಟರೆ ಉಳಿದ ತುಂಡಿನಲ್ಲಿ ಒಂದು ಮಣೆ ಮಾಡಿ ಕೊಸರು ಕೊಡುತ್ತಿದ್ದರು. ಅಳತೆಗೆ ಸರಿಯಾಗಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ಜಿಪುಣತನ ಎಂದುಕೊಂಡೇ ಬೆಳೆದವಳು ನಾನು.

ಮರುಪರೀಕ್ಷೆಗೆ ಓದುತ್ತಿದ್ದಾಗ ಸಂತೆಬಾಚಹಳ್ಳಿಯಿಂದ ನಾಗಮಂಗಲಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಕೊಠಡಿ ಮುಗಿಯಿತು. ಗಾರೆಯವರು ಸಾಮಾನು ಕಟ್ಟುತ್ತಿದ್ದರು. ಡೈರಿ ಅಧ್ಯಕ್ಷರು, ಅಪ್ಪನನ್ನು ಬಲ್ಲ ಹಿರಿಯರು, ಬಂದು ಗೋಡೆ ತಟ್ಟಿ ನೋಡಿದರು.

"ಚೆನ್ನಾಗದೆ ಕನವ್ವ. ಅಂಗೇ ಕ್ಯಾನ್ ಇಡಾಕೆ ಒಂದು ಚಪ್ಪಡಿ ಕೂರಿಸ್ಬುಡು."

"ಪ್ಲಾನಲ್ಲಿ ಇಲ್ಲ ಕನಣ್ಣ."

"ಪ್ಲಾನಲ್ಲಿ ಇದ್ದಿದ್ರೆ ನಿನ್ನ ಯಾಕವ್ವ ಕೇಳನು? ಇಲ್ದೆ ಇರದ್ನ ಕೊಡದೇ ಕೊಸರು."

ಪುಸ್ತಕ ಹೇಳಿದಂತೆ ಮಾಡೋಣ ಎಂದು, "ಒಂದು ಕಾಗದಕ್ಕೆ ಸೈನ್ ಹಾಕ್ಕೊಡಿ. ಎಷ್ಟು ಖರ್ಚು, ಎಷ್ಟು ದಿನ ಅಂತ ಬರ್ಕೊಂಡು ಬತ್ತೀನಿ" ಅಂದೆ.

"ಒಂದು ಕಲ್ಗೆ ಕಾಗದವಾ? ನಿಮ್ಮಪ್ಪ ಮಣೆ ಕೊಡೋವಾಗ ಯಾವ ಕಾಗದ ಕೇಳ್ದ? ಓದಿ ಕೆಟ್ಟೋದೆ ಬುಡು."

ಗಾರೆಯವರೆಲ್ಲ ನಕ್ಕರು. ನನಗೂ ನಗು ಬಂತು. ಚಪ್ಪಡಿ ಕೂರಿಸಿಯೇ ಹೊರಟೆವು.

ಅಷ್ಟಕ್ಕೆ ಒಂದು ದಿನ ಹಿಡಿಯಿತು. ಆ ದಿನ ಗಾರೆಯವರೂ ಸಾಮಾನಿನ ಟ್ರಾಕ್ಟರೂ ಪಾಂಡವಪುರದ ಸೈಟಿನಲ್ಲಿ ಇರಬೇಕಿತ್ತು. ಮಾರನೆಯ ದಿನ ಬೆಳಿಗ್ಗೆ ಟ್ರಾಕ್ಟರಿನವನು ಫೋನ್ ಮಾಡಿ, "ಅಕ್ಕ, ಕಬ್ಬು ಕಡಿಯಾಕೆ ಪರ್ಮಿಟ್ ಬಂದದೆ, ನಾನು ಫ್ಯಾಕ್ಟರಿಗೆ ಲೋಡ್ ಒಡೀಬೇಕು" ಎಂದ. ಫ್ಯಾಕ್ಟರಿ ಕಬ್ಬು ನುರಿಸುವ ಕಾಲದಲ್ಲಿ ನಮ್ಮ ಕಡೆ ಬೇರೆ ಟ್ರಾಕ್ಟರು ಎಲ್ಲಿ ಸಿಗುತ್ತದೆ? ಪಾಂಡವಪುರದ ಕೆಲಸ ಒಂದು ವಾರ ನಿಂತಿತು. ಅಲ್ಲಿಯತನಕ ಯಾವ ಸೈಟು ತಡವಾದರೂ ನಾನು ಗಾರೆಯವರನ್ನೇ ಬೈಯುತ್ತಿದ್ದೆ. ತಡವಾಗುತ್ತಿದ್ದದ್ದು ಹಿಂದಿನ ಊರಿನಲ್ಲಿ ನಾನು ಕೊಟ್ಟು ಬಂದ ಕೊಸರಿನಿಂದ ಎಂದು ಆ ವಾರ ತಿಳಿಯಿತು. ಎರಡನೇ ಸಲ ಪರೀಕ್ಷೆಯಲ್ಲಿ ಯಾರಿಗೂ ಏನೂ ಕೊಡಲಿಲ್ಲ. ಪಾಸಾದೆ.

ಮಾಲೀಕರು ಫೋನಿನಲ್ಲೇ ಅಭಿನಂದಿಸಿ, "ಕಾಪಿ ಕಳಿಸಿ ಮೇಡಂ, ಟೆಂಡರಿಗೆ ಹಾಕ್ಬೇಕು" ಎಂದರು.

"ಕಳಿಸ್ತೀನಿ ಸರ್. ಮ್ಯಾನೇಜರ್ ಆರ್ಡರ್ ಮೊದಲು ಕೊಡಿ."

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ ಸರ್. ಅದನ್ನೇ ಟೈಪ್ ಮಾಡಿಸಿ ಕೊಡಿ."

ಮಾಲೀಕರು ನಕ್ಕರು. ಸರ್ಟಿಫಿಕೇಟಿನ ಹಾಳೆ ನನಗಿಂತ ಹೆಚ್ಚಾಗಿ ಅವರಿಗೆ ಬೇಕಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಮೊದಲ ಪರೀಕ್ಷೆಯ ಶುಲ್ಕ ಮತ್ತು ತರಬೇತಿಯ ಖರ್ಚು ಅವರದು, ನಪಾಸಾಗಿ ಕಟ್ಟಿದ್ದು ನನ್ನದು ಎಂದು ಮಾತು ಮುಗಿಯಿತು. ಮೂರು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸುವ ಖರ್ಚೂ ಕಂಪನಿಯದೇ ಎಂದು ಆರ್ಡರಿನ ಕೊನೆಯಲ್ಲಿ ಒಂದು ಸಾಲು ಸೇರಿಸಿಕೊಂಡೆ. ಅದು ನನ್ನ ಕೊಸರು.

ಟೆಂಡರ್ ನಮಗೇ ಆಯಿತು. ಈಗ ಪ್ರತಿ ಡೈರಿಯ ಅಂದಾಜಿನಲ್ಲೂ ಒಂದು ಚಪ್ಪಡಿಯನ್ನೂ ಅದಕ್ಕೆ ಬೇಕಾದ ಒಂದು ದಿನವನ್ನೂ ಮೊದಲೇ ಸೇರಿಸಿರುತ್ತೇನೆ. ಆಯಾ ಊರಿನ ಅಧ್ಯಕ್ಷರು ಬಂದು ಚಪ್ಪಡಿ ಕೇಳುತ್ತಾರೆ. ನಾನು ಸ್ವಲ್ಪ ಯೋಚನೆ ಮಾಡಿದಂತೆ ನಿಂತು, "ಆಯ್ತು ಬುಡಣ್ಣ, ನೀವು ಕೇಳ್ದ ಮೇಲೆ" ಅನ್ನುತ್ತೇನೆ. ಅವರಿಗೂ ಸಂತೋಷ, ಟ್ರಾಕ್ಟರೂ ಹೊತ್ತಿಗೆ ಮುಂದಿನ ಊರಿಗೆ ಹೋಗುತ್ತದೆ.

ನೀವೂ ಈ ಪರೀಕ್ಷೆಗೆ ಕಟ್ಟಬೇಕೆಂದಿದ್ದರೆ, ನಿಮ್ಮ ಸರ್ಟಿಫಿಕೇಟ್ ಯಾರಿಗೆ ಬೇಕು ಎಂದು ಮೊದಲು ನೋಡಿ. ಟೆಂಡರಿಗೋ, ಮಾಲೀಕರಿಗೋ, ನಿಮ್ಮ ಬಡ್ತಿಗೋ ಬೇಕಿದ್ದರೆ ಕಟ್ಟಿ. ಆದರೆ ಪಾಸಾದರೆ ಏನು ಕೊಡುತ್ತಾರೆಂದು ಶುಲ್ಕ ಕಟ್ಟುವ ಮುಂಚೆಯೇ ಬರೆಸಿಕೊಳ್ಳಿ. ನನ್ನ ಹಾಗೆ ಆಮೇಲೆ ಕೇಳಿದರೆ ಎಲ್ಲ ಮಾಲೀಕರೂ ನಕ್ಕು ಒಪ್ಪುವುದಿಲ್ಲ. ಯಾರಿಗೂ ಬೇಡದಿದ್ದರೆ, ವರ್ಷಕ್ಕೆ ಎರಡು ಮನೆ ಕಟ್ಟಿಸುವ ಕೆಲಸವಾದರೆ, ಪುಸ್ತಕವನ್ನು ಯಾರಿಂದಲಾದರೂ ಇಸಿದುಕೊಂಡು ಓದಿ, ಸಾಕು. ತರಬೇತಿಗೆ ಚೌಕಾಸಿ ಮಾಡಿ, ಇಳಿಸುತ್ತಾರೆ. ಮಾದರಿ ಪ್ರಶ್ನೆಗಳಲ್ಲಿ ಚೆನ್ನಾಗಿ ಪಾಸಾಗುವ ತನಕ ಪರೀಕ್ಷೆಯ ದಿನ ಗೊತ್ತುಮಾಡಬೇಡಿ. ಪರೀಕ್ಷೆಗೆ ಕೂತಾಗ, ನಮ್ಮೂರಿನಲ್ಲಿ ಏನು ಮಾಡುತ್ತೇವೆ ಎಂದು ಯೋಚಿಸಬೇಡಿ. ಅದು ಮಾರನೆಯ ದಿನ ಕೆಲಸಕ್ಕೆ ಹೋದಾಗ ಬೇಕಾಗುತ್ತದೆ.