ಸುಂದ್ರಾಳ ಮೊದಲ ತುತ್ತು

ಹೆಸರುಬೇಳೆ ಹುರಿಯುವ ವಾಸನೆ ಯಾರ ಮನೆಯಿಂದ ಬಂದರೂ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಬೇಳೆ ಕೆಂಪಗಾಗಿ, ಜೊತೆಗೆ ಅಕ್ಕಿ ಚಟಪಟ ಎನ್ನುವಾಗ ಏಳುವ ಆ ಬೆಚ್ಚನೆಯ ಕಂಪು ನನ್ನನ್ನು ಇಚಲಕರಂಜಿಯ ಶಹಾಪುರದಲ್ಲಿದ್ದ ನಮ್ಮ ಒಂದು ಕೋಣೆಯ ಮನೆಗೆ ಕರೆದೊಯ್ಯುತ್ತದೆ. ಅರವತ್ತರ ದಶಕದ ಮೊದಲ ವರ್ಷಗಳು. ಗೋಡೆಯಾಚೆ ಮಗ್ಗಗಳು ಖಟಖಟ ಎನ್ನುತ್ತಿದ್ದರೆ ನಮ್ಮ ಗೂಡಿನಲ್ಲಿಟ್ಟ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಅಪ್ಪ ಅಲ್ಲಿ ಮಗ್ಗ ನಡೆಸುತ್ತಿದ್ದ. ಅವ್ವ ಅದೇ ಶೆಡ್ಡಿನಲ್ಲಿ ಕಾಂಡಿಗೆ, ಅಂದರೆ ಲಾಳಿಯೊಳಗೆ ಕೂರುವ ಕೊಳವೆಗೆ, ನೂಲು ಸುತ್ತುತ್ತಿದ್ದಳು. ಮನೆಯಲ್ಲಿ ಇರುತ್ತಿದ್ದವರು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಹತ್ತು ವರ್ಷದ ನಾನು ಮತ್ತು ತೊಟ್ಟಿಲಲ್ಲಿ ತಂಗಿ ಸುಂದ್ರಾ.

ಸುಂದ್ರಾಗೆ ಏಳನೆಯ ತಿಂಗಳು ನಡೆದಿತ್ತು. ಅವ್ವ ಕೆಲಸಕ್ಕೆ ಮರಳಿದ ಮೇಲೆ ಎದೆಹಾಲು ಬತ್ತುತ್ತ ಬಂದು ಕೂಸು ಸೊರಗಿಹೋಗಿತ್ತು. ನಾವು ಉಣ್ಣುವಾಗ ನಮ್ಮ ಕೈ ತಾಟಿನಿಂದ ಬಾಯಿಗೆ ಹೋಗುವುದನ್ನೇ ನೋಡುತ್ತ ತಾನೂ ಬಾಯಿ ಆಡಿಸುತ್ತಿತ್ತು. ಆದರೂ ಒಂದು ಅಗುಳು ಕೊಡುವಂತಿರಲಿಲ್ಲ. "ಮೊದಲನೇ ತುತ್ತು ಸ್ವಾದರಮಾವನ ಕೈಲೇನ ಬೀಳಬೇಕ. ಇಲ್ಲಂದ್ರ ಕೂಸಿಗೆ ಅನ್ನ ಒಗ್ಗೂದಿಲ್ಲ," ಎನ್ನುವುದು ಆಯಿಯ ಶಾಸ್ತ್ರ. ಅದೂ ಹೆಣ್ಣುಕೂಸಿಗೆ ಬೆಸ ತಿಂಗಳಲ್ಲೇ ಆಗಬೇಕು. ಏಳು ದಾಟಿದರೆ ಮತ್ತೆ ಒಂಬತ್ತಕ್ಕೆ. ಏಳು ಮುಗಿಯಲು ನಾಲ್ಕೇ ದಿನ ಉಳಿದಿದ್ದವು.

ಅವ್ವನ ತಮ್ಮ, ನಮ್ಮ ಮಾಮಾ, ದೂರವೇನೂ ಇರಲಿಲ್ಲ. ಊರಿಗೆ ಹೊಂದಿಕೊಂಡ ಕಬನೂರಿನಲ್ಲೇ ಮಗ್ಗದ ಕೆಲಸಕ್ಕಿದ್ದ. ಆದರೆ ಸುಂದ್ರಾಳನ್ನು ತೊಟ್ಟಿಲಿಗೆ ಹಾಕಿದ ದಿನ ಅಪ್ಪ ತನ್ನ ಶೆಡ್ಡಿನವರನ್ನೆಲ್ಲ ಮೊದಲ ಪಂಗ್ತಿಗೆ ಕೂರಿಸಿ, ಮಾಮಾನಿಗೆ "ನೀ ಮನೀ ಮನಷ್ಯಾ, ಆಮ್ಯಾಲ ಕೂಡು" ಎಂದುಬಿಟ್ಟಿದ್ದ. ತವರಿನವನಿಗೆ ಸಲ್ಲಬೇಕಾದ ಮಾನ ಸಲ್ಲಲಿಲ್ಲವೆಂದು ಮಾಮಾ ಉಣ್ಣದೆ ಎದ್ದುಹೋದ. ಆಮೇಲೆ ಅಪ್ಪ ಕರೆಯಲಿಲ್ಲ, ಅವನು ಬರಲಿಲ್ಲ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಅದು ಭಾವ ಮೈದುನರ ಜಗಳದಲ್ಲಿ ಬಡವಾಯಿತು.

ಆ ದಿನ ಮಧ್ಯಾಹ್ನ ಊಟಕ್ಕೆ ಬಂದ ಅವ್ವನ ಬರಿದಾದ ಎದೆಯನ್ನು ಚೀಪಿ ಚೀಪಿ ಕೂಸು ಅತ್ತಾಗ ಅವ್ವನೂ ಗೋಡೆಗೆ ಮುಖ ಮಾಡಿ ಅತ್ತಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಯಾರಿಗೂ ಹೇಳದೆ ಹೊರಟು, ದಾರಿ ಕೇಳುತ್ತ ಕಬನೂರು ಮುಟ್ಟಿದೆ. ಮಾಮಾ ಮಗ್ಗದ ಮುಂದೆ ನಿಂತಿದ್ದ. ಹುಬ್ಬಿನ ತುಂಬ ಹತ್ತಿಯ ಧೂಳು. ನಾನು ಬಂದ ಕಾರಣ ಕೇಳಿಸಿಕೊಂಡು, "ನಿಮ್ಮಪ್ಪ ಕರದಾನೇನು?" ಎಂದ. ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

"ಹೌದ್ರಿ ಮಾಮಾ, ಅಪ್ಪನ ಕಳಿಸ್ಯಾನ," ಎಂದೆ.

ಅವನು ಹುಬ್ಬಿನ ಧೂಳು ಒರೆಸಿಕೊಂಡ. ಮತ್ತೆ ಪಕ್ಕದವನಿಗೆ ಮಗ್ಗ ನೋಡಿಕೊಳ್ಳಲು ಹೇಳಿ ನನ್ನ ಜೊತೆ ನಡೆದ.

ಅವನನ್ನು ಕಂಡದ್ದೇ ಆಯಿ ಒಲೆ ಹೊತ್ತಿಸಿದಳು. ಅಕ್ಕಿ, ಬೇಳೆ ಹುರಿದು, ಬೀಸುಕಲ್ಲಿನಲ್ಲಿ ಬೀಸಿ, ತೆಳ್ಳಗೆ ಗಂಜಿ ಕಾಸಿ ಒಂದು ಚೂರು ಬೆಲ್ಲ ಕರಗಿಸಿದಳು. ಮಾಮಾನ ಕೈಗೆ ಮಷಿನ್ನಿನ ಎಣ್ಣೆ ಹತ್ತಿದೆಯೆಂದು ಎರಡು ಸಲ ಬೂದಿ ಹಚ್ಚಿ ತೊಳೆಸಿದಳು. ಅವನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಉಂಗುರ ಬೆರಳನ್ನು ಗಂಜಿಯಲ್ಲಿ ಅದ್ದಿದ ಹೊತ್ತಿಗೆ ಸರಿಯಾಗಿ, ಪಾಳಿ ಮುಗಿಸಿದ ಅಪ್ಪ ಒಳಗೆ ಬಂದ, ಅವನ ಹಿಂದೆ ಅವ್ವ.

ಮಾಮಾನ ಬೆರಳು ಅಲ್ಲೇ ನಿಂತಿತು. "ದಾಜಿ, ನೀವ ಕರದೀರಿ ಅಂತ ಈ ಹುಡುಗಿ ಹೇಳಿದ್ಳು. ಅದಕ ಬಂದ್ನಿ," ಎಂದ. ಅಕ್ಕನ ಗಂಡನನ್ನು ಅವನು ಹಾಗೆಯೇ ಕರೆಯುತ್ತಿದ್ದ.

ಅಪ್ಪ ನನ್ನತ್ತ ತಿರುಗಿದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಏಟಿನ ಭಯ ಇತ್ತು. ಅದಕ್ಕಿಂತ ಹೆಚ್ಚು, ಮಾಮಾ ಈ ಮನೆಯಿಂದ ಇನ್ನೊಮ್ಮೆ ಎದ್ದುಹೋಗುತ್ತಾನೆ ಎಂಬ ಭಯ.

"ಹೂಂ, ನಾನ ಹೇಳಿ ಕಳಿಸಿದ್ನಿ," ಎಂದ ಅಪ್ಪ. "ಹಾಕು, ಕೂಸು ಬಾಯಿ ತಗದೈತಿ."

ಮೊದಲ ತುತ್ತನ್ನು ಸುಂದ್ರಾ ಗದ್ದಕ್ಕೆಲ್ಲ ಉಗುಳಿಕೊಂಡಳು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಅವನ ಬೆರಳನ್ನೇ ಹಿಡಿದುಕೊಂಡು ಬಿಡಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು.

ಆ ಕೋಣೆ ಈಗಿಲ್ಲ. ಆ ನಾಲ್ವರು ಹಿರಿಯರಲ್ಲಿ ಯಾರೂ ಉಳಿದಿಲ್ಲ, ಸುಂದ್ರಾಗೇ ಮೊಮ್ಮಕ್ಕಳಿದ್ದಾರೆ. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ್ದ. ಸಣ್ಣಪುಟ್ಟ ಸುಳ್ಳಿಗೆಲ್ಲ ನನ್ನ ಕಿವಿ ಹಿಂಡಿದವನು ಆ ಸುಳ್ಳಿನ ಮಾತನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ. ಯಾರಿಗೂ ತಲೆಬಾಗದ ಜಂಬದ ಮನುಷ್ಯ ಅವನು. ನನ್ನ ಸುಳ್ಳನ್ನು ತನ್ನ ಮಾತೆಂದು ಒಪ್ಪಿಕೊಳ್ಳಲು ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ನನಗೆ ತಿಳಿಯುವ ಹೊತ್ತಿಗೆ, ಹೇಳಿಕೊಳ್ಳಲು ಅವನಿರಲಿಲ್ಲ.